ಗೊಂಬೆಗೆ ಬಣ್ಣ ಹಚ್ಚೋದೂ ಒಂದು ಕೆಲಸಾನೇನ್ರೀ?

ಸಾಫ್ಟ್‌ವೇರ್ ಕಂಪನಿಗಳಲ್ಲಿ ಮ್ಯಾರಥಾನ್ ಓಡುವವನಿಗೆ ಗೌರವವಿದೆ. ಎರಡು ಲಕ್ಷದ ಸೈಕಲ್ ಕೊಂಡು ಭಾನುವಾರ ನಂದಿ ಬೆಟ್ಟ ಹತ್ತುವವನಿಗೆ ಇನ್ನೂ ಹೆಚ್ಚು. ಮನೆಯಲ್ಲಿ ಬ್ರೆಡ್ ಹುಳಿ ಬರಿಸಿ ಅದರ ಫೋಟೋ ತೋರಿಸುವವನನ್ನೂ ಜನ ನಿಂತು ಕೇಳುತ್ತಾರೆ. ಆದರೆ ಮೂವತ್ತೈದು ದಾಟಿದ ಗಂಡಸೊಬ್ಬ ಪ್ಲಾಸ್ಟಿಕ್ ಡ್ರ್ಯಾಗನ್ನಿಗೆ ಮೂರು ತಿಂಗಳು ಕೂತು ಬಣ್ಣ ಹಚ್ಚುತ್ತಾನೆ ಅಂತ ಗೊತ್ತಾದರೆ ಮಾತ್ರ ಎಲ್ಲರೂ ಒಮ್ಮೆ ಅವನ ಹೆಂಡತಿಯ ಮುಖ ನೋಡುತ್ತಾರೆ.

ಆಕ್ಷೇಪಗಳು ಮೂರು ನಮೂನೆಯವು. ಒಂದು, ಇದು ಮಕ್ಕಳಾಟ. ಇದಕ್ಕೆ ಉತ್ತರ ಕೊಡುವ ಅಗತ್ಯ ನನಗೆ ಕಂಡಿಲ್ಲ. ಅದರಲ್ಲೂ ಬೆನ್ನಿನ ಮೇಲೆ ಬೇರೆ ಯಾರದೋ ಹೆಸರಿರುವ ಕ್ರಿಕೆಟ್ ಜೆರ್ಸಿ ಹಾಕಿಕೊಂಡು ಆಫೀಸಿಗೆ ಬರುವ ನಲವತ್ತೈದರ ಮ್ಯಾನೇಜರ್ ಈ ಮಾತು ಹೇಳಿದಾಗ ಸುಮ್ಮನೆ ಕಾಫಿ ಕುಡಿಯೋದೇ ವಾಸಿ. ಎರಡು, ಇದು ಪರದೇಶಿ ಹುಚ್ಚು. ನಮ್ಮಲ್ಲಿ ಇಲ್ಲದ್ದು ಏನಿತ್ತು ಅಂತ ಇಂಗ್ಲೆಂಡಿನ ರಾಕ್ಷಸನನ್ನು ಮನೆಗೆ ತಂದೆ? ಮೂರನೆಯದು ಸಭ್ಯರ ಆಕ್ಷೇಪ: 'ಚೆನ್ನಾಗಿದೆ ಮಾರಾಯ, ಆದ್ರೆ ಬಣ್ಣ ಸ್ವಲ್ಪ ಜಾಸ್ತಿ ಆಯ್ತಲ್ವಾ? ಜಾತ್ರೆ ಥರ ಕಾಣ್ಸುತ್ತೆ.'

ನನ್ನ ನಿಜವಾದ ಜಗಳ ಈ ಮೂರನೆಯವರ ಜೊತೆ. ಅವರ ಮಾತಿನಿಂದ ನನ್ನ ಡ್ರ್ಯಾಗನ್ನಿಗೆ ಏನೂ ಆಗೋದಿಲ್ಲ, ಅದು ಕಪಾಟಿನಲ್ಲಿ ರೆಕ್ಕೆ ಬಿಚ್ಚಿಕೊಂಡು ಹಾಯಾಗಿದೆ. ಅದೇ ಮಾತನ್ನು ಅವರು ಕಿನ್ನಾಳದ ಗೊಂಬೆ ಹಿಡಿದುಕೊಂಡು ಹೇಳಿದಾಗ ಒಬ್ಬರ ಹೊಟ್ಟೆಯ ಮೇಲೆ ಬೀಳುತ್ತದೆ. ಅಲ್ಲಿಗೆ ಆಮೇಲೆ ಬರ್ತೀನಿ. ಮೊದಲು ಈ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಒಂದಿಷ್ಟು.

ಗೇಮ್ಸ್ ವರ್ಕ್‌ಶಾಪ್ ಅಂತ ಒಂದು ಬ್ರಿಟಿಷ್ ಕಂಪನಿ ಇದೆ. 1975ರಲ್ಲಿ ಶುರುವಾದದ್ದು, ಈಗ ನಾಟಿಂಗ್‌ಹ್ಯಾಮಿನಲ್ಲಿದೆ. 1983ರಲ್ಲಿ ಅವರು ವಾರ್‌ಹ್ಯಾಮರ್ ಅನ್ನುವ ಯುದ್ಧದಾಟ ತಂದರು. ಮೇಜಿನ ಮೇಲೆ ಪುಟ್ಟ ಸೈನ್ಯಗಳನ್ನು ಎದುರುಬದುರು ನಿಲ್ಲಿಸಿ, ಟೇಪಿನಲ್ಲಿ ದೂರ ಅಳೆದು, ದಾಳ ಉರುಳಿಸಿ ಆಡುವ ಆಟ. ಮಜಾ ಅಂದರೆ ಆ ಸೈನ್ಯವನ್ನು ಅವರು ತಯಾರು ಮಾಡಿ ಕೊಡೋದಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಫ್ರೇಮಿನಲ್ಲಿ ಕೈ, ಕಾಲು, ತಲೆ, ಕತ್ತಿ ಎಲ್ಲ ಬಿಡಿಬಿಡಿಯಾಗಿ ಅಂಟಿಕೊಂಡಿರುತ್ತವೆ. ಕತ್ತರಿಸೋದು, ಜೋಡಿಸೋದು, ಬಣ್ಣ ಹಚ್ಚೋದು ಎಲ್ಲ ಕೊಂಡವನ ಕರ್ಮ. ಅಂದರೆ ದುಡ್ಡು ಕೊಟ್ಟು ಕೆಲಸವನ್ನು ಕೊಂಡುಕೊಳ್ಳೋದು. ನನ್ನಂಥ ಎಷ್ಟೋ ಜನ ಆಟ ಆಡೋದು ಅಷ್ಟಕ್ಕಷ್ಟೆ, ಬಣ್ಣಕ್ಕಾಗಿಯೇ ಕೊಳ್ಳುತ್ತೇವೆ.

ಒಬ್ಬ ಸಾದಾ ಸೈನಿಕ ಹೆಬ್ಬೆರಳಿನಷ್ಟು ಎತ್ತರ. ನಾನು ಹಿಡಿದಿದ್ದು ಅಂಥದ್ದಲ್ಲ. ಬೆನ್ನ ಮೇಲೆ ಸವಾರ ಕೂತಿರುವ ಡ್ರ್ಯಾಗನ್. ರೆಕ್ಕೆ ಬಿಚ್ಚಿದರೆ ಲ್ಯಾಪ್‌ಟಾಪಿಗಿಂತ ಅಗಲ. ದೊಡ್ಡ ಗೊಂಬೆ ಅಂದರೆ ಸಣ್ಣದನ್ನು ಹತ್ತು ಸಲ ಮಾಡಿದ ಹಾಗೆ ಅಂದುಕೊಂಡವರು ಒಂದು ಸಲ ಪ್ರಯತ್ನಿಸಿ ನೋಡಬೇಕು. ಸಣ್ಣ ಸೈನಿಕನ ಮೈಯೆಲ್ಲ ಸಂದುಗೊಂದು. ತೆಳುವಾದ ಕಪ್ಪು ನೀರುಬಣ್ಣ ಸುರಿದರೆ ಅದೇ ಹೋಗಿ ಸಂದಿಯಲ್ಲಿ ಕೂತು ನೆರಳು ಮಾಡಿಕೊಡುತ್ತೆ, ನಿಮ್ಮ ಅರ್ಧ ಕೆಲಸ ಅದು ಮಾಡುತ್ತೆ. ದೊಡ್ಡ ಡ್ರ್ಯಾಗನ್ನಿನ ರೆಕ್ಕೆಯ ಪೊರೆ ಅಂಗೈ ಅಗಲದ ಬಯಲು. ಅಲ್ಲಿ ಅದೇ ನೀರುಬಣ್ಣ ಹಚ್ಚಿದಿರೋ, ಒಣಗುವಾಗ ಅಂಚಿನಲ್ಲಿ ಕಟ್ಟಿಕೊಂಡು ಟೀ ಲೋಟದ ಕಲೆಯ ಹಾಗೆ ಉಂಗುರ ಮೂಡುತ್ತೆ. ಬ್ರಶ್ಶಿನ ಒಂದೊಂದು ಎಳೆತವೂ ಕಾಣುತ್ತೆ. ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲ.

ಹಾಗಾಗಿ ಮೊದಲು ಸೋಪು ನೀರಲ್ಲಿ ತೊಳಿ, ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಹೋಗಬೇಕು. ಎರಡು ಅಚ್ಚು ಕೂಡಿದ ಕಡೆ ಉಳಿದ ಗೆರೆಯನ್ನು ಬ್ಲೇಡಿನ ಬೆನ್ನಿನಿಂದ ಕೆರೆ. ಸಂದಿಗೆ ಪುಟ್ಟಿ ತುಂಬು, ಉಜ್ಜು. ರೆಕ್ಕೆ ಮತ್ತು ಸವಾರನನ್ನು ಈಗಲೇ ಅಂಟಿಸಬೇಡ, ಅಂಟಿಸಿದರೆ ಬೆನ್ನಿಗೆ ಬ್ರಶ್ ಹೋಗೋದಿಲ್ಲ. ಕೆಳಗಿನಿಂದ ಕಪ್ಪು ಪ್ರೈಮರ್, ಮೇಲಿನಿಂದ ಬಿಳಿ, ಅಂದರೆ ನಡುಹಗಲಿನ ಸೂರ್ಯ ಎಲ್ಲಿ ಬೀಳುತ್ತಾನೆ ಅನ್ನೋದರ ನಕ್ಷೆ ಆಗಲೇ ಗೊಂಬೆಯ ಮೈಮೇಲೆ ಬಂತು. ಇಷ್ಟಾದ ಮೇಲೆ ಬಣ್ಣ. ಅದೂ ಡಬ್ಬಿಯಿಂದ ಸೀದಾ ಹಚ್ಚುವ ಹಾಗಿಲ್ಲ. ನೀರು ಬೆರೆಸಿ ಹಾಲಿನಷ್ಟು ತೆಳುವಾದ ಮೇಲೆ ಒಂದು ಪದರ, ಒಣಗಲಿ, ಇನ್ನೊಂದು. ರೆಕ್ಕೆಯ ಪೊರೆಗೆ ನಾನು ಹಚ್ಚಿದ್ದು ಹದಿನಾಲ್ಕು ಪದರ. ಮೈಮೇಲಿನ ಹುರುಪೆಗಳಲ್ಲಿ ಬೆಳಕು ಬೀಳುವ ಕಡೆಯ ಒಂದೊಂದರ ಅಂಚಿಗೂ ಕೂದಲೆಳೆಯ ಒಂದು ತಿಳಿ ಗೆರೆ. ಒಂದು ಪಕ್ಕದಲ್ಲೇ ನಾನೂರು ಚಿಲ್ಲರೆ, ಎಣಿಸಿದ್ದೀನಿ.

ಹವಾಮಾನವೂ ಸುಮ್ಮನೆ ಬಿಡೋದಿಲ್ಲ. ಬೆಂಗಳೂರಿನ ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆದರೆ ತೇವಕ್ಕೆ ಬೂಷ್ಟು ಹಿಡಿದ ಹಾಗೆ ಬೆಳ್ಳಗಾಗುತ್ತೆ. ನಮ್ಮ ಕಡೆಯ ಬಿಸಿಲಿನಲ್ಲಿ ಇನ್ನೊಂದು ಕಥೆ. ವರ್ಕ್ ಫ್ರಂ ಹೋಮ್ ಕಾಲದಲ್ಲಿ ಕಂಪ್ಲಿ ಹತ್ತಿರದ ನಮ್ಮೂರಿನ ಮನೆಯಲ್ಲಿ ಕೂತು ಬಣ್ಣ ಹಚ್ಚುತ್ತಿದ್ದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಪ್ಯಾಲೆಟ್ಟಿನಿಂದ ಗೊಂಬೆಗೆ ಹೋಗುವಷ್ಟರಲ್ಲಿ ಬ್ರಶ್ಶಿನ ತುದಿಯಲ್ಲೇ ಬಣ್ಣ ಒಣಗುತ್ತಿತ್ತು. ಕೊನೆಗೆ ಬೆಳಗಿನ ಜಾವ ಐದಕ್ಕೆ ಏಳೋದು, ಎಂಟರ ತನಕ ಕೆಲಸ, ಆಮೇಲೆ ಲಾಗಿನ್. ಅವ್ವ ಒಂದು ದಿನವೂ ಇದು ಯಾಕೆ ಅಂತ ಕೇಳಲಿಲ್ಲ. ಒಂದೇ ಒಂದು ತಕರಾರು ಮಾಡಿದಳು: 'ಕಣ್ಣು ಬರೀಲಾರ್ದ ಗೊಂಬಿನ ರಾತ್ರಿ ಪಡಸಾಲ್ಯಾಗ ಇಡಬ್ಯಾಡಪ್ಪಾ.' ಅವಳಿಗೆ ಇದು ಏನು ಕೆಲಸ ಅಂತ ಗೊತ್ತಿತ್ತು. ಎಂಬಿಎ ಮಾಡಿದವರಿಗೆ ವಿವರಿಸಬೇಕಾಗಿ ಬಂದಿದೆ.

ಟೈಮ್‌ಶೀಟ್ ತುಂಬುವ ಚಟ ಇರೋದರಿಂದ ಗಂಟೆಗಳನ್ನು ಬರೆದಿಟ್ಟುಕೊಂಡಿದ್ದೆ. ಒಟ್ಟು ಎಪ್ಪತ್ತನಾಲ್ಕು. ನನ್ನ ಒಂದು ಗಂಟೆಗೆ ಕಂಪನಿ ಅಮೆರಿಕದ ಗ್ರಾಹಕನಿಗೆ ಹಾಕುವ ಬಿಲ್ಲಿನ ಲೆಕ್ಕ ಹಿಡಿದರೆ ಅಷ್ಟರಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕಾರು ಬರುತ್ತಿತ್ತು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಬೇಕಾಗುತ್ತೆ.

ಈಗ ಕಿನ್ನಾಳ.

ಹೊಸಪೇಟೆಯಿಂದ ಮುನಿರಾಬಾದ್ ದಾಟಿ ಕೊಪ್ಪಳ, ಅಲ್ಲಿಂದ ಸ್ವಲ್ಪ ಒಳಗೆ ಹೋದರೆ ಕಿನ್ನಾಳ. ಅಲ್ಲಿಯ ಚಿತ್ರಗಾರ ಮನೆತನಗಳು ಮರದ ಗೊಂಬೆ ಮಾಡುತ್ತವೆ: ಗರುಡ, ಗಣಪತಿ, ಗೌರಿ, ಕುದುರೆ, ಆನೆ, ಹಣ್ಣು ತರಕಾರಿ. ಹಂಪಿಯ ವಿರೂಪಾಕ್ಷನ ಗುಡಿಯ ಛಾವಣಿಯ ಚಿತ್ರಗಳು, ಅಲ್ಲಿನ ಮರದ ತೇರಿನ ಕೆಲಸ ತಮ್ಮ ಹಿರಿಯರದ್ದು ಅನ್ನೋದು ಅಲ್ಲಿಯ ನಂಬಿಕೆ. ಅವರು ಮಾಡುವ ಕೆಲಸದ ಕ್ರಮ ಹೀಗಿದೆ. ಹಗುರ ಮರವನ್ನು ಕೆತ್ತಿ ಭಾಗಗಳನ್ನು ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಬೆರೆಸಿ ಕಿಟ್ಟ ಅನ್ನುವ ಹದ ಮಾಡಿ ಸಂದುಗೊಂದಿಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಅದೇ ಅಂಟಿನಲ್ಲಿ ಹತ್ತಿಬಟ್ಟೆಯ ಚೂರುಗಳು. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಬಣ್ಣ ಹಿಡಿಯುವುದಕ್ಕೆ. ಒಡವೆಗಳನ್ನು ಕೆತ್ತುವುದಿಲ್ಲ; ಕಲ್ಲಿನ ಪುಡಿ ಮತ್ತು ಅಂಟಿನ ಹದವನ್ನೇ ಎಳೆ ಎಳೆಯಾಗಿ ಇಟ್ಟು ಉಬ್ಬಿಸುತ್ತಾರೆ. ಆಮೇಲೆ ಬಣ್ಣ. ಕಣ್ಣು ಕೊನೆಗೆ.

ಪುಟ್ಟಿ, ಉಜ್ಜುವಿಕೆ, ಪ್ರೈಮರ್, ತಳಬಣ್ಣ, ಮೇಲ್ಬಣ್ಣ, ಕಣ್ಣು. ನಾಟಿಂಗ್‌ಹ್ಯಾಮಿನ ಪುಸ್ತಕದಲ್ಲಿರುವ ಕ್ರಮವೇ ಕೊಪ್ಪಳ ಜಿಲ್ಲೆಯಲ್ಲಿ ಹುಣಸೆ ಬೀಜದಿಂದ ನಡೆಯುತ್ತಿದೆ. ಒಂದೇ ವ್ಯತ್ಯಾಸ, ನನ್ನ ಪುಟ್ಟಿ ಟ್ಯೂಬಿನಲ್ಲಿ ಬರುತ್ತೆ. ಅವರದನ್ನು ಅವರೇ ಕುಟ್ಟಬೇಕು.

ಕಳೆದ ವರ್ಷ ನಮ್ಮ ಆಫೀಸಿನಲ್ಲಿ ನವೆಂಬರ್ ಒಂದಕ್ಕೆ ಎಲ್ಲರಿಗೂ ಏನಾದರೂ 'ಕರ್ನಾಟಕದ್ದು' ಕೊಡಬೇಕು ಅಂತ ಸಮಿತಿ ಆಯಿತು. ಕಂಪನಿಯ ಹೆಸರು ಬೇಡ, ನಿಮ್ಮದೂ ಹೀಗೇ ಇರುತ್ತೆ. ಯಾರೋ ಕಿನ್ನಾಳದ ಗೊಂಬೆ ಅಂದರು. ಇನ್ನೂರು ಬೇಕು. ಒಂದಕ್ಕೆ ಒಂಬೈನೂರು ಅಂತ ದರ ಬಂತು. ತಕ್ಷಣ ಸಮಿತಿಯ ಉತ್ತರ: 'ಬಲ್ಕ್ ಆರ್ಡರ್ ಅಲ್ವಾ, ನಾನೂರೈವತ್ತಕ್ಕೆ ಬರಲಿ.' ಜೊತೆಗೆ ಇನ್ನೊಂದು ಪ್ರಶ್ನೆ ಹೋಯಿತು: ಮ್ಯಾಟ್ ಫಿನಿಶ್, ಪೇಸ್ಟಲ್ ಶೇಡ್‌ನಲ್ಲಿ ಸಿಗುತ್ತಾ? ಈ ಕೆಂಪು ಹಳದಿ ಎಲ್ಲ ಮನೆಯ ಇಂಟೀರಿಯರಿಗೆ ಹೊಂದೋದಿಲ್ಲ.

ಅಲ್ಲಿಂದ ಉತ್ತರ ಬರಲಿಲ್ಲ. ಎಲ್ಲರಿಗೂ ಸ್ಟೀಲ್ ಬಾಟಲಿ ಸಿಕ್ಕಿತು. ಮೇಲೆ ಹಳದಿ ಕೆಂಪು ಬಾವುಟದ ಸ್ಟಿಕ್ಕರ್. ಅದು ಮಾತ್ರ ಯಾರ ಇಂಟೀರಿಯರಿಗೂ ತೊಂದರೆ ಮಾಡಲಿಲ್ಲ.

ಈ 'ಬಲ್ಕ್' ಅನ್ನುವ ಪದವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ನಾವು ಸಾಫ್ಟ್‌ವೇರಿನವರು ಒಂದು ವಿಚಿತ್ರ ಲೋಕದಲ್ಲಿ ಅನ್ನ ತಿನ್ನುತ್ತೇವೆ. ನಮ್ಮ ಲೋಕದಲ್ಲಿ ಮೊದಲ ಪ್ರತಿಗೆ ಎರಡು ವರ್ಷ, ನಲವತ್ತು ಎಂಜಿನಿಯರುಗಳು ಬೇಕು. ಎರಡನೇ ಪ್ರತಿಗೆ ಏನೂ ಬೇಡ, ಕಾಪಿ ಹೊಡೆದರೆ ಆಯಿತು. ಹಾಗಾಗಿ ಸಂಖ್ಯೆ ಏರಿದರೆ ದರ ಇಳಿಯಬೇಕು ಅನ್ನೋದು ನಮಗೆ ಗುರುತ್ವಾಕರ್ಷಣೆಯ ಹಾಗೆ ಕಾಣುತ್ತೆ. ಇನ್ನೂರು ಗೊಂಬೆಗೆ ನಾನೂರು ಕಣ್ಣು ಸ್ವಾಮಿ. ನೂರನೆಯ ಗೊಂಬೆಯ ಕಣ್ಣು ಬರೆಯುವಾಗ ಮೊದಲನೆಯದಕ್ಕಿಂತ ಕೈ ಹೆಚ್ಚು ದಣಿದಿರುತ್ತೆ. ಕಿಟ್ಟ ಒಣಗುವುದಕ್ಕೆ ಬೇಕಾದ ಬಿಸಿಲಿಗೆ ನಿಮ್ಮ ಪರ್ಚೇಸ್ ಆರ್ಡರ್ ಗೊತ್ತಿಲ್ಲ. ನ್ಯಾಯವಾಗಿ ನೋಡಿದರೆ ಗಡುವು ಹಾಕಿ ಇನ್ನೂರು ಕೇಳಿದವನು ಒಂದಕ್ಕೆ ಹೆಚ್ಚು ಕೊಡಬೇಕು. ನಾವು ವಾರಾಂತ್ಯದಲ್ಲಿ ಕೆಲಸ ಮಾಡಿಸಿದರೆ ಗ್ರಾಹಕನಿಗೆ ಹಾಗೇ ತಾನೇ ಬಿಲ್ ಹಾಕೋದು?

ಚೌಕಾಸಿ ಮಾಡಿದವರು ಕೆಟ್ಟವರಲ್ಲ. ಅವರಲ್ಲಿ ಒಬ್ಬಳು ಪ್ರತಿ ತಿಂಗಳು ಸಂಬಳದಲ್ಲಿ ಒಂದು ಭಾಗ ಅನಾಥಾಶ್ರಮಕ್ಕೆ ಕೊಡುತ್ತಾಳೆ. ಅವಳು ಜೀವನದಲ್ಲಿ ಒಮ್ಮೆಯೂ ಒಂದು ಕಣ್ಣು ಬರೆದಿಲ್ಲ, ಅಷ್ಟೇ. ಕಣ್ಣು ಬರೆದವರು ಚೌಕಾಸಿ ಮಾಡಲಾರರು. ಸಾಸಿವೆಯಷ್ಟು ಬಿಳಿ, ಅದರ ಮಧ್ಯೆ ಒಂದು ಚುಕ್ಕೆ, ಎರಡೂ ಕಣ್ಣು ಒಂದೇ ಕಡೆ ನೋಡಬೇಕು, ಉಸಿರು ಬಿಗಿಹಿಡಿದು ಇಡಬೇಕು, ತಪ್ಪಿದರೆ ಮುಖವೆಲ್ಲ ಮತ್ತೆ. ಹೀಗೆ ಹತ್ತು ಕಣ್ಣು ಬರೆದವನಿಗೆ ಒಂಬೈನೂರು ರೂಪಾಯಿ ಅಂದರೆ ಏನು ಅಂತ ಬೆರಳಿಗೇ ಗೊತ್ತಾಗುತ್ತೆ. ನನ್ನ ಎಪ್ಪತ್ತನಾಲ್ಕು ಗಂಟೆಯ ಉಪಯೋಗ ಇದು. ನಾಳೆ ಒಂದು ಗೊಂಬೆ ಕೈಗೆ ಬಂದರೆ ಅದರಲ್ಲಿ ಎಷ್ಟು ಗಂಟೆ ಇದೆ ಅಂತ ನಾನು ಹೇಳಬಲ್ಲೆ. ಇದು ಮಕ್ಕಳಾಟವಾದರೆ ದೊಡ್ಡವರೂ ಸ್ವಲ್ಪ ದಿನ ಆಡಲಿ.

'ಜಾತ್ರೆ ಥರ' ಅನ್ನುವ ಆಕ್ಷೇಪಕ್ಕೆ ಬರೋಣ. ಇದನ್ನು ಹೇಳುವವರಿಗೆ ತಾವು ರುಚಿಯ ಬಗ್ಗೆ ಮಾತಾಡುತ್ತಿದ್ದೇವೆ ಅನ್ನಿಸುತ್ತೆ. ಇದು ಬೆಳಕಿನ ಪ್ರಶ್ನೆ, ಬೆಳಕಿಗೆ ಲೆಕ್ಕವಿದೆ. ಆಳೆತ್ತರದ ಮನುಷ್ಯನ ಮೂಗಿನ ಕೆಳಗೆ ನೆರಳು ತಾನಾಗಿ ಬೀಳುತ್ತೆ. ಹೆಬ್ಬೆರಳುದ್ದದ ಗೊಂಬೆಗೆ ಬೀಳೋದಿಲ್ಲ. ಬಿದ್ದರೂ ನಾಲ್ಕಡಿ ದೂರದಿಂದ ಕಾಣೋದಿಲ್ಲ. ನಿಜವಾದ ಬಣ್ಣವನ್ನೇ ಹಚ್ಚಿದರೆ ಗೊಂಬೆ ಮಣ್ಣುಂಡೆಯ ಹಾಗೆ ಕಾಣುತ್ತೆ. ಅದಕ್ಕೇ ನೆರಳನ್ನು ಇನ್ನೂ ಕಪ್ಪು ಮಾಡಬೇಕು, ಬೆಳಕನ್ನು ಇನ್ನೂ ಬಿಳಿ ಮಾಡಬೇಕು, ಕೆಂಪನ್ನು ಕಿರುಚುವಷ್ಟು ಏರಿಸಬೇಕು. ಆಗ ಮಾತ್ರ ದೂರದಿಂದ ನೋಡಿದ ಕಣ್ಣಿಗೆ ಅದು ಸರಿಯಾಗಿ ಕಾಣುತ್ತೆ.

ನಮ್ಮೂರಲ್ಲಿ ದೊಡ್ಡಾಟ ಆಡುತ್ತಿದ್ದಾಗ ಕುಮಾರರಾಮನ ಪಾತ್ರಧಾರಿಯ ಕಿರೀಟ, ಭುಜಕೀರ್ತಿ, ಎದೆಹಲಗೆ ಎಲ್ಲ ಹಗುರ ಮರದ್ದು. ಅದರ ಮೇಲೆ ಬೇಗಡೆ, ಕನ್ನಡಿ ಚೂರು, ಮುಖಕ್ಕೆ ಬೆಂಕಿಯಂಥ ಬಣ್ಣ. ಕಂಪ್ಲಿಯ ಮಗನೇ ಅವನು, ಕಂಪಿಲರಾಯನ ಮಗ. ದೆಹಲಿಯ ಸೈನ್ಯದ ಎದುರು ಸತ್ತವನು. ಹಗಲಿನಲ್ಲಿ ಆ ವೇಷ ಹತ್ತಿರದಿಂದ ನೋಡಿದರೆ ನಗು ಬರುತ್ತಿತ್ತು. ರಾತ್ರಿ ಎರಡು ಗಂಟೆಗೆ, ಗ್ಯಾಸ್‌ಲೈಟಿನ ಬೆಳಕಲ್ಲಿ, ಜೋಳದ ಚೀಲದ ಮೇಲೆ ಕೂತ ಹಿಂದಿನ ಸಾಲಿನವನಿಗೆ ಆ ಮುಖದ ಒಂದೊಂದು ಗೆರೆ ಕಾಣುತ್ತಿತ್ತು. ಬಣ್ಣ ಹಚ್ಚಿದವನು ಆ ಕೊನೇ ಸಾಲಿಗೆ ಲೆಕ್ಕ ಹಾಕಿ ಹಚ್ಚಿದ್ದ. ಕಿನ್ನಾಳದ ಗರುಡನ ಲೆಕ್ಕವೂ ಅದೇ, ಎಣ್ಣೆದೀಪದ ಮಂದ ಬೆಳಕಿನ ಗೂಡಿಗೆ. ಅದನ್ನು ತಂದು ಎಲ್‌ಇಡಿ ಪ್ಯಾನೆಲ್ ಕೆಳಗೆ ಬಿಳಿ ಗೋಡೆಗೆ ಒರಗಿಸಿ 'ಲೌಡ್ ಆಯ್ತು' ಅನ್ನೋದು, ಧ್ವನಿವರ್ಧಕವನ್ನು ಕಿವಿಗೆ ಇಟ್ಟುಕೊಂಡು ಹಾಡುಗಾರನನ್ನು ಬೈದ ಹಾಗೆ.

ಈ ಬಣ್ಣಗೇಡಿ ರುಚಿಯನ್ನು ನಮಗೆ ಕಲಿಸಿದ್ದು ಸ್ವಲ್ಪ ಮಟ್ಟಿಗೆ ಹಂಪಿಯೇ ಅಂತ ನನ್ನ ಗುಮಾನಿ. ಹೊಸಪೇಟೆಯ ರೂಮಿನಲ್ಲಿ ಇಳಿದು, ಸಂಜೆ ಮಾತಂಗ ಬೆಟ್ಟ ಹತ್ತಿ, ಬೂದು ಬಂಡೆ, ಬೂದು ಕಂಬ, ಬೂದು ಗೋಪುರ ನೋಡಿ 'ಎಷ್ಟು ಶಾಂತ, ಎಷ್ಟು ಸರಳ' ಅಂತ ಬರುತ್ತೇವಲ್ಲ, ಆ ಸರಳತೆ ಯಾವ ಶಿಲ್ಪಿಯೂ ಕೊಟ್ಟದ್ದಲ್ಲ. 1565ರ ಸೋಲು, ಲೂಟಿ, ಬೆಂಕಿ, ಆಮೇಲೆ ನಾಲ್ಕೂವರೆ ಶತಮಾನದ ಮಳೆ ಕೊಟ್ಟದ್ದು. ವಿಠ್ಠಲನ ಗುಡಿಯ ಕಲ್ಲಿನ ರಥವನ್ನೇ ತಗೊಳ್ಳಿ, ಐವತ್ತರ ನೋಟಿನ ಹಿಂದೆ ಇರುವುದು. ಮಳೆಗಾಳಿ ತಾಗದ ಮೂಲೆಗಳಲ್ಲಿ ಹಳೆಯ ಬಣ್ಣದ ಕುರುಹು ಇನ್ನೂ ಇದೆ. ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೋದಲ್ಲಿ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವೂ ಇದೆ. ಈಗ ಅದೂ ಇಲ್ಲ, ಇದೂ ಇಲ್ಲ. ಕಂಬಗಳ ಯಾಳಿಗಳ ಮೈ ಬೋಳು. ವಿಜಯನಗರದವರು ಬಣ್ಣಕ್ಕೆ ಹೆದರುತ್ತಿದ್ದರೇ ಅಂತ ನೋಡಬೇಕಾದರೆ ಲೇಪಾಕ್ಷಿಯ ಛಾವಣಿ ನೋಡಿ ಬನ್ನಿ, ಬೆಂಗಳೂರಿನಿಂದ ಒಂದು ಬೆಳಗಿನ ದಾರಿ. ನಾವು ಹಂಪಿಯಲ್ಲಿ ಪ್ರೀತಿಸುವುದು ಪ್ರೈಮರ್ ಕಿತ್ತುಹೋದ ಗೊಂಬೆಯನ್ನು.

ಹಂಪಿಗೆ ಬಣ್ಣ ಹೊಡೀರಿ ಅಂತ ನಾನು ಹೇಳ್ತಿಲ್ಲ, ಯಾರಾದರೂ ಡಬ್ಬಿ ಹಿಡಿದು ಎದ್ದಿದ್ದರೆ ದಯವಿಟ್ಟು ಕೂತುಕೊಳ್ಳಿ. ಊರೂರಿನ ಗುಡಿಗಳಿಗೆ ನಮ್ಮ ಜೀರ್ಣೋದ್ಧಾರ ಸಮಿತಿಗಳು ಎನಾಮಲ್ ಹೊಡೆಸುವುದನ್ನು ನೋಡಿದರೆ ನನಗೆ ಹೊಟ್ಟೆಯುರಿಯುತ್ತೆ. ಅಲ್ಲೂ ತಪ್ಪು ಬಣ್ಣದ್ದಲ್ಲ. ತಳ ಇಲ್ಲ, ನೆರಳಿಲ್ಲ, ತೆಳು ಪದರ ಇಲ್ಲ. ಡಬ್ಬಿಯಿಂದ ಸೀದಾ ದಪ್ಪಗೆ ಒಂದೇ ಬಳಿತ, ಶಿಲ್ಪಿ ಕೆತ್ತಿದ ಬೆರಳು ಉಗುರು ಎಲ್ಲ ಮುಚ್ಚಿಹೋಗುತ್ತೆ. ಬಣ್ಣ ಹಚ್ಚುವವನು ಅಲ್ಲಿರಲಿಲ್ಲ, ಬಣ್ಣ ಹೊಡೆಯುವವನು ಬಂದಿದ್ದ.

ಇನ್ನು 'ಪರದೇಶಿ ಹುಚ್ಚು'. 1520ರ ಆಸುಪಾಸಿನಲ್ಲಿ ಕೃಷ್ಣದೇವರಾಯನ ನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಯಸ್, ಮಹಾನವಮಿ ಮುಗಿದ ಮೇಲೆ ರಾಜ ಸೈನ್ಯವನ್ನು ನೋಡಲು ಹೊರಟದ್ದನ್ನು ಬರೆದಿಟ್ಟಿದ್ದಾನೆ. ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಗುರಾಣಿಗಳ ವರ್ಣನೆ ಬರುತ್ತೆ: ಕೆಲವಕ್ಕೆ ಚಿನ್ನ ಬೆಳ್ಳಿಯ ಹೂಗಳು, ಕೆಲವಕ್ಕೆ ಹುಲಿ ಮತ್ತಿತರ ದೊಡ್ಡ ಮೃಗಗಳು, ಕೆಲವಕ್ಕೆ ಬೆಳ್ಳಿ ತಗಡಿನ ಕುಸುರಿ, ಇನ್ನು ಕೆಲವು ಮುಖ ಕಾಣುವಷ್ಟು ನುಣುಪು ಮಾಡಿದ ಕಪ್ಪು. ಯುದ್ಧದಾನೆಗಳ ತಲೆಯ ಮೇಲೆ ರಾಕ್ಷಸರ, ಮಹಾಮೃಗಗಳ ಮುಖ ಬರೆದಿದ್ದರಂತೆ. ಬೆನ್ನ ಮೇಲೆ ಮೂರು ನಾಲ್ಕು ಜನ ಆಯುಧ ಹಿಡಿದು ಕೂತಿದ್ದರಂತೆ. ಸ್ವಾಮಿ, ಇದು ಇನ್ನೇನು? ದೊಡ್ಡ ಪ್ರಾಣಿ, ಬೆನ್ನ ಮೇಲೆ ಸವಾರರು, ಮುಖಕ್ಕೆ ರಾಕ್ಷಸನ ಬಣ್ಣ. ನಾಟಿಂಗ್‌ಹ್ಯಾಮಿನವರು ಪ್ಲಾಸ್ಟಿಕ್ಕಿನಲ್ಲಿ ಮಾರುತ್ತಿರುವುದನ್ನು ನಮ್ಮವರು ನಿಜವಾದ ಆನೆಯ ಮೇಲೆ, ಅದು ತಲೆ ಅಲ್ಲಾಡಿಸುತ್ತಿರುವಾಗಲೇ, ಬರೆದಿದ್ದರು. ಹಂಪಿಯ ಮಂಟಪದ ಕಂಬಗಳಲ್ಲಿ ಸಿಂಹದ ಮೈಯ, ಬಾಯಿ ತೆರೆದ ಯಾಳಿ ಮುಂಗಾಲೆತ್ತಿ ನಿಂತಿದೆ, ಅದರ ಮೇಲೂ ಸವಾರ. ನನ್ನ ಡ್ರ್ಯಾಗನ್ನು ಅದರ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತೆ, ತಮ್ಮ ಸ್ವಲ್ಪ ಪೀಚು.

ಒಂದು ವಿಷಯದಲ್ಲಿ ಮಾತ್ರ ಪರದೇಶಿ ಹುಚ್ಚು ಅನ್ನುವವರ ಜೊತೆ ನನ್ನ ಒಪ್ಪಿಗೆ ಇದೆ. ತುಕ್ಕು, ಧೂಳು ಕಾಣಿಸಲು ಬಣ್ಣದ ಪುಡಿ ಅಂತ ಬೆರಳಷ್ಟು ಡಬ್ಬಿಯಲ್ಲಿ ಮಾರುತ್ತಾರೆ, ಯುರೋಪಿನಿಂದ ಬರುತ್ತೆ. ಒಳಗಿರುವುದು ಬಹುಪಾಲು ಐರನ್ ಆಕ್ಸೈಡ್. ನಮ್ಮ ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಅದನ್ನೇ ಮರಗಿಡದ ಮೇಲೆ, ಹಳ್ಳಿಯ ಪಾತ್ರೆ ಪಗಡದ ಮೇಲೆ, ಜನರ ಎದೆಯೊಳಗೆ ಪುಕ್ಕಟೆ ಸುರಿದುಕೊಂಡು ಹೋಗುತ್ತವೆ. ನಾನು ಅಲ್ಲಿಯ ನೆಂಟರ ಮನೆಯ ಅಂಗಳದಿಂದ ಒಂದು ಮುಷ್ಟಿ ತಂದು, ನೀರಲ್ಲಿ ಕಲಕಿ, ದಪ್ಪದ್ದು ತಳ ಸೇರಿದ ಮೇಲೆ ಮೇಲಿನ ಕೆಂಪು ನೀರನ್ನು ಬಸಿದು, ಅದು ತಿಳಿಯಾಗಿ ಕೆಳಗೆ ಕೂತ ಕೆನೆಯನ್ನು ಒಣಗಿಸಿ ಅರೆದೆ. ಡ್ರ್ಯಾಗನ್ನಿನ ಕಾಲಡಿಯ ನೆಲ ಅದರದೇ. ಅದರ ಮೇಲೆ ಜರಡಿ ಹಿಡಿದ ಹೊಳೆ ಮರಳು. ಇಂಥ ಕೆಂಪು ಯಾವ ಡಬ್ಬಿಯಲ್ಲೂ ಇಲ್ಲ. ನಮ್ಮಜ್ಜಿ ಗೋಡೆಗೆ ಸಾರಿಸುತ್ತಿದ್ದ ಕೆಮ್ಮಣ್ಣು ಅದು.

ಸಂಡೂರು ಅಂದಾಗ ಇನ್ನೊಂದು ನೆನಪಾಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಗುಂಪಿನ ಸಭೆ ನಡೆದಾಗ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಆಯಿತು. ಸಂತೋಷ. ಆದರೆ ಆ ಹೆಣ್ಣುಮಕ್ಕಳಲ್ಲಿ ಒಬ್ಬರ ಹೆಸರು ನಿಮಗೆ ಗೊತ್ತಾ? ನಮಗೆ ಸಂಖ್ಯೆ ಗೊತ್ತಾಗುತ್ತೆ, ಊರಿನ ಹೆಸರು ಗೊತ್ತಾಗುತ್ತೆ, ಕೈಯ ಹೆಸರು ಗೊತ್ತಾಗೋದಿಲ್ಲ. ಕಿನ್ನಾಳಕ್ಕೂ ಸಂಡೂರಿಗೂ ಜಿಐ ಟ್ಯಾಗ್ ಇದೆ. ಅದು ಊರಿಗೆ ಸಿಗುವ ಮರ್ಯಾದೆ. ಗೊಂಬೆಯ ಅಡಿ ತಿರುಗಿಸಿ ನೋಡಿ, ಅಂಗಡಿಯ ಚೀಟಿ ಇರುತ್ತೆ, ಬರೆದವರ ಸಹಿ ಇರೋದಿಲ್ಲ. ನನ್ನ ಈ 'ಮಕ್ಕಳಾಟ'ದ ಲೋಕದಲ್ಲಿ 1987ರಿಂದ ಗೋಲ್ಡನ್ ಡೀಮನ್ ಅಂತ ಬಣ್ಣದ ಸ್ಪರ್ಧೆ ನಡೆಯುತ್ತೆ. ಎಲ್ಲರನ್ನೂ ಗೆದ್ದವರಿಗೆ ಒಂದು ಕತ್ತಿ ಕೊಡುತ್ತಾರೆ. ಪ್ಲಾಸ್ಟಿಕ್ ರಾಕ್ಷಸನಿಗೆ ಬಣ್ಣ ಹಚ್ಚಿದವರ ಹೆಸರನ್ನು ಜಗತ್ತಿನ ಇನ್ನೊಂದು ಮೂಲೆಯ ಹುಡುಗರು ಬಾಯಿಪಾಠ ಹೇಳುತ್ತಾರೆ. ನಾವು ಕತ್ತಿ ಕೊಡಬೇಕಾದವರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು, ಗುಂಪು ಫೋಟೋದಲ್ಲಿ ತುದಿಯಲ್ಲಿ ನಿಲ್ಲಿಸುತ್ತೇವೆ.

'ಸಂಪ್ರದಾಯ ಉಳಿಸಿ' ಅಂತ ಕರುಣೆಯಿಂದ ಒಂದು ಗೊಂಬೆ ಕೊಳ್ಳಿ ಅಂತ ನಾನು ಕೇಳುತ್ತಿಲ್ಲ. ಕರುಣೆಯಿಂದ ಕೊಂಡ ಗೊಂಬೆ ಟಿವಿ ಪಕ್ಕದಲ್ಲಿ ಧೂಳು ಹಿಡಿಯುತ್ತೆ, ಎರಡನೆಯದನ್ನು ಯಾರೂ ಕೊಳ್ಳೋದಿಲ್ಲ. ನನಗೆ ಬೇಕಾಗಿರುವುದು ಬಣ್ಣ ಹಚ್ಚದ ಗೊಂಬೆ. ಕಿಟ್ಟ ಮೆತ್ತಿ, ಲೇಪ ಕೊಟ್ಟು, ಉಜ್ಜಿ ನುಣುಪು ಮಾಡಿದ ಒಂದು ಬೋಳು ಯಾಳಿ, ಜೊತೆಗೆ ಆರು ಬಣ್ಣ, ಎರಡು ಬ್ರಶ್. ಅದಕ್ಕೆ ತಯಾರಾದ ಗೊಂಬೆಯಷ್ಟೇ ದರ ಇಡಲಿ, ಕೊಡ್ತೀನಿ. ನಾಟಿಂಗ್‌ಹ್ಯಾಮಿನವರು ಐವತ್ತು ವರ್ಷದಲ್ಲಿ ಕಂಡುಕೊಂಡ ಗುಟ್ಟು ಇದೇ: ಮುಗಿದ ಗೊಂಬೆಯನ್ನು ಮನುಷ್ಯ ಒಂದು ಸಲ ಕೊಳ್ಳುತ್ತಾನೆ, ಮುಗಿಯದ ಗೊಂಬೆಗೆ ಮತ್ತೆ ಮತ್ತೆ ಬರುತ್ತಾನೆ. ಜೊತೆಗೆ ಕಲಿಸುವ ಪಾಠಕ್ಕೂ ದುಡ್ಡು. ಶನಿವಾರ ಮಣ್ಣಿನ ಮಡಕೆ ಮಾಡುವುದನ್ನು ಕಲಿಯಲು ಇಂದಿರಾನಗರದಲ್ಲಿ ಸಾವಿರಾರು ಕೊಡುವವರಿದ್ದೀರಿ. ಚಿತ್ರಗಾರರೊಬ್ಬರನ್ನು ಕರೆಸಿ, ಬಸ್ಸಿನ ಖರ್ಚು, ಊಟ, ಅದರ ಮೇಲೆ ಒಬ್ಬ ಟೆಕ್ನಿಕಲ್ ಟ್ರೇನರಿಗೆ ಕೊಡುವಷ್ಟು ದಿನದ ಸಂಭಾವನೆ ಕೊಟ್ಟು ಕಣ್ಣು ಬರೆಯೋದು ಕಲಿಯಿರಿ. ಹಬ್ಬದ ದಿನ ಆಫೀಸಿನ ಲಾಬಿಯಲ್ಲಿ ಟೇಬಲ್ ಹಾಕಿ ಕೂರಿಸಿ 'ಎಕ್ಸ್‌ಪೋಷರ್ ಸಿಗುತ್ತೆ' ಅನ್ನಬೇಡಿ.

ಹೀಗೆ ಬಿಡಿಸಿ ಮಾರಿದರೆ ಕಲೆ ಕೆಡುತ್ತೆ ಅಂತ ಒಬ್ಬ ಗೆಳೆಯ ವಾದ ಮಾಡಿದ. ಕೆಡಬಹುದು, ನನ್ನ ಮೊದಲ ಯಾಳಿಯ ಮುಖ ನೋಡಿದರೆ ಅವನು ಗೆದ್ದೆ ಅಂತಾನೆ. ಆದರೆ ಕೆಟ್ಟದಾಗಿ ಬಣ್ಣ ಹಚ್ಚುವ ಸಾವಿರ ಜನ ಇದ್ದಾಗಲೇ ಚೆನ್ನಾಗಿ ಹಚ್ಚುವವನು ಯಾರು ಅಂತ ಗೊತ್ತಾಗೋದು. ಗಲ್ಲಿಯಲ್ಲಿ ಕ್ರಿಕೆಟ್ ಆಡಿದವರು ಇದ್ದದ್ದಕ್ಕೇ ದ್ರಾವಿಡ್ ಆಡಿದ ಒಂದು ಡಿಫೆನ್ಸಿಗೆ ಇಡೀ ಕ್ರೀಡಾಂಗಣ ಎದ್ದು ನಿಂತದ್ದು. ಇನ್ನು ಬೋಳು ಗೊಂಬೆ ಮಾರಲು ಕಿನ್ನಾಳದವರಿಗೇ ಇಷ್ಟವಿಲ್ಲದಿದ್ದರೆ? ದೇವರ ಗೊಂಬೆಯನ್ನು ಕಣ್ಣಿಲ್ಲದೆ ಮನೆಯಿಂದ ಕಳಿಸಬಾರದು ಅನ್ನುವವರು ಇರಬಹುದು. ಅದು ಅವರ ಮನೆಯ ತೀರ್ಮಾನ, ಅದರಲ್ಲಿ ನನ್ನದೂ ನಿಮ್ಮದೂ ಏನೂ ಇಲ್ಲ. ಹುಲಿಯನ್ನೋ ಕುದುರೆಯನ್ನೋ ಕೇಳೋಣ. ಅದೂ ಆಗದಿದ್ದರೆ ತಯಾರಾದದ್ದನ್ನೇ ಹೇಳಿದ ದರಕ್ಕೆ ತರೋಣ.

ಈ ಸಲದ ರಾಜ್ಯೋತ್ಸವದ ಸಮಿತಿಗೆ ನಾನೂ ಹೆಸರು ಕೊಟ್ಟಿದ್ದೀನಿ. ಮೂರು ಪ್ರಸ್ತಾಪ ಬರೆದಿಟ್ಟಿದ್ದೀನಿ: ಇನ್ನೂರರ ಬದಲು ಅರವತ್ತು ಗೊಂಬೆ, ಕೇಳಿದ ದರ, ಮುಂಗಡ ಅರ್ಧ. ಗೊಂಬೆ ಸಿಗದವರಿಗೆ ಸ್ಟೀಲ್ ಬಾಟಲಿ, ಹೋದ ವರ್ಷದ್ದೇ ಸ್ಟೋರ್‌ರೂಮಿನಲ್ಲಿ ಒಂದು ಪೆಟ್ಟಿಗೆ ಉಳಿದಿದೆ. ಸಭೆ ಗುರುವಾರ ನಾಲ್ಕಕ್ಕೆ. ಪೇಸ್ಟಲ್ ಶೇಡ್ ಕೇಳುವವರಿಗೆ ಅಂತ ಒಂದು ಬ್ರಶ್, ಒಂದು ಬೋಳು ಸೈನಿಕ, ಸ್ವಲ್ಪ ಬಿಳಿ ಬಣ್ಣ ಬ್ಯಾಗಿನಲ್ಲಿ ಹಾಕಿಕೊಂಡು ಹೋಗ್ತೀನಿ. ಮೊದಲು ಎರಡು ಕಣ್ಣು ಬರೆದು ತೋರಿಸಲಿ, ಆಮೇಲೆ ದರದ ಮಾತು.